ಹೆಡರ್‌ನಲ್ಲಿ ಯಾರ ಹೆಸರು?

ವಿಚಾರ ಸಂಕಿರಣದ ಪ್ರಬಂಧಗಳನ್ನು ಒಟ್ಟುಗೂಡಿಸಿ ಪುಸ್ತಕ ತರುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗೆ ಬರುತ್ತಿದೆ. ಇಂಥ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದುವವರು ಕಡಿಮೆ. ತಮಗೆ ಬೇಕಾದ ಒಂದು ಲೇಖನವನ್ನು ಜೆರಾಕ್ಸ್ ಮಾಡಿಸಿಕೊಂಡು ಹೋಗುವವರೇ ಹೆಚ್ಚು. ಹಾಳೆಗಳು ಪುಸ್ತಕದಿಂದ ಬೇರೆಯಾದ ಮೇಲೆ ಆ ಲೇಖನ ಯಾರದು, ಎಲ್ಲಿಯದು, ಎಷ್ಟನೆಯ ಪುಟ ಎಂದು ಹೇಳಲು ಉಳಿಯುವುದು ಹೆಡರ್ ಮತ್ತು ಫೂಟರ್ ಮಾತ್ರ. ಅಲ್ಲಿ ಹೆಸರು ತಪ್ಪಿದರೆ ಒಬ್ಬರ ದುಡಿಮೆ ಇನ್ನೊಬ್ಬರ ಖಾತೆಗೆ ಜಮೆಯಾಗುತ್ತದೆ. ಮುಂದೆ ಯಾವುದೋ ಪಿಎಚ್.ಡಿ. ಮಹಾಪ್ರಬಂಧದ ಅಡಿಟಿಪ್ಪಣಿಯಲ್ಲಿ ಆ ತಪ್ಪು ಕಾಯಂ ಆಗುತ್ತದೆ. ಹಾಗಾಗಿ ಪುಟದ ಮೇಲಿನ ಆ ಒಂದು ಸಾಲನ್ನು ಅಲಂಕಾರ ಎಂದು ನಾನು ಎಂದೂ ಎಣಿಸಿಲ್ಲ.

ಲೇಖನಗಳು ಬರುವುದು ಒಬ್ಬೊಬ್ಬರಿಂದ ಒಂದೊಂದು ವರ್ಡ್ ಫೈಲಾಗಿ. ಅವನ್ನು ಒಂದರಲ್ಲಿ ಸೇರಿಸಲು ಇನ್ಸರ್ಟ್ ಪಟ್ಟಿಯ ಆಬ್ಜೆಕ್ಟ್ ಗುಂಡಿಯ ಬದಿಯಲ್ಲಿ ‘ಟೆಕ್ಸ್ಟ್ ಫ್ರಮ್ ಫೈಲ್’ ಇದೆ. ಸೇರಿಸಿದ ಕೂಡಲೇ ಡಿಟಿಪಿ ಮಾಡುವ ಹುಡುಗ ಹೇಳುವ ಮಾತು ಒಂದೇ: “ಸಾರ್, ಹೆಡರೆಲ್ಲಾ ಹೋಯ್ತು, ಎಲ್ಲಾ ಕಡೆ ಮೊದಲನೇ ಲೇಖನದ್ದೇ ಬಂತು.” ಇದಕ್ಕೆ ಕಾರಣ ತಿಳಿಯದೆ ಒಂದೊಂದು ಪುಟ ತಿದ್ದುತ್ತಾ ಕೂತರೆ ರಾತ್ರಿ ಬೆಳಗಾಗುತ್ತದೆ, ಕೆಲಸ ಮುಗಿಯುವುದಿಲ್ಲ.

ವರ್ಡ್‌ನಲ್ಲಿ ಹೆಡರ್ ಸೇರಿರುವುದು ಪುಟಕ್ಕಲ್ಲ, ಸೆಕ್ಷನ್ನಿಗೆ. ಒಂದು ಸೆಕ್ಷನ್ನಿನ ಹೆಡರ್, ಫೂಟರ್, ಕಾಗದದ ಅಳತೆ, ಅಂಚು, ಪುಟಸಂಖ್ಯೆಯ ವಿವರಗಳೆಲ್ಲ ಅದರ ಕೊನೆಗೆ ಬರುವ ಸೆಕ್ಷನ್ ಬ್ರೇಕ್‌ನಲ್ಲಿ ಇರುತ್ತವೆ. ಫೈಲಿನ ಕಟ್ಟಕಡೆಯ ಸೆಕ್ಷನ್ನಿಗೆ ಅಂಥ ಬ್ರೇಕ್ ಇರುವುದಿಲ್ಲ. ಅದರ ವಿವರ ಫೈಲಿನ ಜೊತೆಗೇ ಉಳಿದುಬಿಡುತ್ತದೆ. ಸಾಮಾನ್ಯ ಲೇಖನವೊಂದರಲ್ಲಿ ಇರುವುದು ಒಂದೇ ಸೆಕ್ಷನ್, ಆದ್ದರಿಂದ ಬೇರೆ ಫೈಲಿಗೆ ಸೇರಿಸಿದಾಗ ಬರಹ ಬರುತ್ತದೆ, ಹೆಡರ್ ಬರುವುದಿಲ್ಲ. ಅದು ಜೊತೆಗೆ ಬರಬೇಕೆಂದರೆ ಸೇರಿಸುವ ಮೊದಲೇ ಮೂಲ ಫೈಲಿನ ಕೊನೆಯಲ್ಲಿ ‘ನೆಕ್ಸ್ಟ್ ಪೇಜ್’ ಸೆಕ್ಷನ್ ಬ್ರೇಕ್ ಹಾಕಬೇಕು. ಇದೇ ಕಾರಣಕ್ಕೆ, ಬೇಡವೆಂದು ಒಂದು ಬ್ರೇಕನ್ನು ಅಳಿಸಿದರೆ ಮೇಲಿನ ಲೇಖನ ತನ್ನ ಹೆಡರ್ ಕಳೆದುಕೊಂಡು ಕೆಳಗಿನದರ ಹೆಡರ್ ತೊಟ್ಟುಕೊಳ್ಳುತ್ತದೆ. ಕೆಟ್ಟದ್ದು ಕೆಳಗೆ ಎಂದು ನಾವು ಅಲ್ಲಿ ಹುಡುಕುತ್ತಿರುತ್ತೇವೆ. ಕೆಟ್ಟಿರುವುದು ಮೇಲೆ!

ಹೊಸದಾಗಿ ಸೆಕ್ಷನ್ ಮಾಡಿದಾಗ ‘ಲಿಂಕ್ ಟು ಪ್ರೀವಿಯಸ್’ ತಾನಾಗಿಯೇ ಆನ್ ಆಗಿರುತ್ತದೆ, ಅಂದರೆ ಹಿಂದಿನ ಸೆಕ್ಷನ್ನಿನ ಹೆಡರೇ ಮುಂದುವರಿಯುತ್ತದೆ. ಅದನ್ನು ತೆಗೆಯುವಾಗ ಹೆಡರಿಗೆ ಬೇರೆ, ಫೂಟರಿಗೆ ಬೇರೆ ತೆಗೆಯಬೇಕು. ಮೊದಲ ಪುಟ, ಸಮಪುಟ, ಬೆಸಪುಟಗಳಿಗೆ ಬೇರೆ ಬೇರೆ ಹೆಡರ್ ಇದ್ದರೆ ಒಂದು ಸೆಕ್ಷನ್ನಿಗೆ ಆರು ಕೊಂಡಿಗಳಾಗುತ್ತವೆ. ಇನ್ನೊಂದು ತೊಡಕು ಬೇಗ ಕಣ್ಣಿಗೆ ಬೀಳುವುದಿಲ್ಲ: ‘ಡಿಫರೆಂಟ್ ಫಸ್ಟ್ ಪೇಜ್’ ಆಯ್ಕೆ ಆಯಾ ಸೆಕ್ಷನ್ನಿಗೆ ಮಾತ್ರ ಅನ್ವಯವಾಗುತ್ತದೆ, ‘ಡಿಫರೆಂಟ್ ಆಡ್ ಅಂಡ್ ಈವನ್’ ಇಡೀ ಫೈಲಿಗೆ. ಪುಸ್ತಕದ ಫೈಲಿನಲ್ಲಿ ಅದು ಆಫ್ ಇದ್ದರೆ ಸಮಪುಟದ ಹೆಡರ್ ಒಳಗೆ ಅಡಗಿ ಕೂತಿರುತ್ತದೆ, ಕಾಣುವುದಿಲ್ಲ.

ನಾನೀಗ ಈ ಕೊಂಡಿಗಳನ್ನು ಬಿಡಿಸುತ್ತಾ ಹೋಗುವುದಿಲ್ಲ. ಲೇಖಕರು ಕಳಿಸಿದ ಹೆಡರನ್ನೆಲ್ಲ ತೆಗೆದುಹಾಕಿ, ಬರಿಯ ಬರಹವನ್ನಷ್ಟೇ ಪುಸ್ತಕದ ಫೈಲಿಗೆ ತರುತ್ತೇನೆ. ಪ್ರತಿ ಲೇಖನದ ಶೀರ್ಷಿಕೆಗೆ ‘ಹೆಡಿಂಗ್ 1’ ಸ್ಟೈಲ್, ಲೇಖಕರ ಹೆಸರಿಗೆ ಅದಕ್ಕೆಂದೇ ಮಾಡಿದ ಮತ್ತೊಂದು ಸ್ಟೈಲ್. ಹೆಡರಿನಲ್ಲಿ ಹೆಸರನ್ನು ಟೈಪ್ ಮಾಡುವುದೇ ಇಲ್ಲ. ‘ಸ್ಟೈಲ್‌ರೆಫ್’ ಎಂಬ ಫೀಲ್ಡ್ ಇಡುತ್ತೇನೆ. ಅದು ಆ ಪುಟದಲ್ಲಿ ಆ ಸ್ಟೈಲ್ ಇರುವ ಸಾಲನ್ನು ಹುಡುಕುತ್ತದೆ, ಇಲ್ಲದಿದ್ದರೆ ಹಿಂದಿನ ಪುಟಗಳತ್ತ ಹೋಗಿ ಹತ್ತಿರದ್ದನ್ನು ತಂದು ತೋರಿಸುತ್ತದೆ. ಆಗ ಎಲ್ಲ ಸೆಕ್ಷನ್ನುಗಳ ಕೊಂಡಿಯೂ ಹಾಗೇ ಇರಬಹುದು. ಇಡೀ ಪುಸ್ತಕಕ್ಕೆ ಒಂದೇ ಹೆಡರ್, ಆದರೆ ಪುಟಪುಟದಲ್ಲೂ ಸರಿಯಾದ ಹೆಸರು. ಲೇಖನಗಳ ಕ್ರಮ ಬದಲಾದರೂ, ಕೊನೇ ಗಳಿಗೆಯಲ್ಲಿ ಲೇಖಕಿಯೊಬ್ಬರು ಶೀರ್ಷಿಕೆ ತಿದ್ದಿ ಕಳಿಸಿದರೂ ಮೇಲಿನ ಸಾಲು ತಾನೇ ಬದಲಾಗುತ್ತದೆ. ನಮ್ಮ ಸಂಕಿರಣಗಳ ಶೀರ್ಷಿಕೆಗಳು ಮಾತ್ರ ಬಲು ಉದ್ದ. ಉಪಶೀರ್ಷಿಕೆಯನ್ನು ಬೇರೆ ಪ್ಯಾರಾ ಮಾಡಿ ಬೇರೆ ಸ್ಟೈಲ್ ಕೊಟ್ಟರೆ ಹೆಡರ್ ಒಂದೇ ಸಾಲಿನಲ್ಲಿ ನಿಲ್ಲುತ್ತದೆ.

ಕನ್ನಡದ ಪುಸ್ತಕಕ್ಕೆ ಇದಕ್ಕಿಂತ ಮುಂಚಿನ ಕೆಲಸವೊಂದಿದೆ. ಈಗಲೂ ಎಷ್ಟೋ ಲೇಖನಗಳು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಬರುತ್ತವೆ. ಅಲ್ಲಿ ಕನ್ನಡದ ರೂಪ ಕೊಡುವುದು ಫಾಂಟ್, ಒಳಗಿರುವುದು ಇಂಗ್ಲಿಷಿನ ಮತ್ತಿತರ ಚಿಹ್ನೆಗಳು. ಎರಡು ಫೈಲುಗಳಲ್ಲಿ ಒಂದೇ ಹೆಸರಿನ ಸ್ಟೈಲ್ ಇದ್ದರೆ, ಸೇರಿಸಿದಾಗ ಗೆಲ್ಲುವುದು ಪುಸ್ತಕದ ಫೈಲಿನದು. ಅದರ ‘ಹೆಡರ್’ ಸ್ಟೈಲ್ ತುಂಗಾದಂಥ ಯೂನಿಕೋಡ್ ಫಾಂಟಿನಲ್ಲಿದ್ದರೆ ಹಳೆಯ ಫಾಂಟಿನಲ್ಲಿ ಬರೆದ ಹೆಸರು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತದೆ. ಪರಿವರ್ತಕಕ್ಕೆ ಹಾಕಿದರೆ ಸಾಕಲ್ಲ ಅನ್ನಿಸಬಹುದು. ಆದರೆ ಕಂಟ್ರೋಲ್-ಎ ಒತ್ತಿದಾಗ ಆಯ್ಕೆಯಾಗುವುದು ಮೈಬರಹ ಮಾತ್ರ. ಹೆಡರ್, ಫೂಟರುಗಳು ಅದರ ಹೊರಗೇ ಉಳಿಯುತ್ತವೆ. ಅಡಿಟಿಪ್ಪಣಿಗಳನ್ನೂ ಬೇರೆಯಾಗಿಯೇ ತೆರೆದು ನೋಡಬೇಕು. ಯೂನಿಕೋಡಿಗೆ ತಂದ ಮೇಲೆಯೇ ಸೇರಿಸುವ ಕೆಲಸಕ್ಕೆ ಕೈಹಾಕುವುದು ಒಳ್ಳೆಯದು.

ಪುಟಸಂಖ್ಯೆಗೆ ಬಂದರೆ, ‘1ರಿಂದ ಶುರು’ ಎಂಬ ಸೂಚನೆಯೂ ಸೆಕ್ಷನ್ನಿನ ಜೊತೆಗೇ ಬರುತ್ತದೆ. ಪರಿವಿಡಿಯಲ್ಲಿ ಲೇಖನವಾದ ಮೇಲೆ ಲೇಖನ 1ನೇ ಪುಟದಲ್ಲೇ ಎಂದು ಕಂಡರೆ ಅದೇ ಕಾರಣ. ಮುನ್ನುಡಿ, ಸಂಪಾದಕರ ಮಾತುಗಳಿಗೆ ರೋಮನ್ ಅಂಕಿ ಕೊಟ್ಟು, ಮೊದಲ ಲೇಖನಕ್ಕೆ 1 ಎಂದು ನಿಗದಿ ಮಾಡಿ, ಉಳಿದೆಲ್ಲ ಸೆಕ್ಷನ್ನುಗಳಿಗೂ ‘ಕಂಟಿನ್ಯೂ ಫ್ರಮ್ ಪ್ರೀವಿಯಸ್ ಸೆಕ್ಷನ್’ ಎಂದು ಇಟ್ಟರೆ ಸಾಕು. ಅಗಲದ ಕೋಷ್ಟಕಕ್ಕಾಗಿ ಪುಟವನ್ನು ಅಡ್ಡ ತಿರುಗಿಸಿದ್ದರೆ ಅಲ್ಲಿ ಹೆಡರಿನ ಬಲತುದಿಯ ಅಂಕಿ ನಡುವೆಲ್ಲೋ ನಿಂತುಬಿಡುತ್ತದೆ. ಸಾಮಾನ್ಯ ಟ್ಯಾಬ್ ಬದಲು ‘ಅಲೈನ್‌ಮೆಂಟ್ ಟ್ಯಾಬ್’ ಬಳಸಿದರೆ ಅದು ಅಂಚನ್ನು ಅನುಸರಿಸಿ ಸರಿಯುತ್ತದೆ.

ಕೊನೆಯ ಪ್ರೂಫ್ ತೆಗೆದಾಗ ಲೇಖನಗಳನ್ನು ಪಕ್ಕಕ್ಕಿಟ್ಟು ಬರೀ ಹೆಡರ್ ಓದುವ ಸುತ್ತೊಂದನ್ನು ನಾನು ಬಿಡುವುದಿಲ್ಲ. ಒಬ್ಬರು ಪರಿವಿಡಿ ಹಿಡಿದು ಶೀರ್ಷಿಕೆ, ಹೆಸರು, ಪುಟ ಗಟ್ಟಿಯಾಗಿ ಹೇಳುತ್ತಾರೆ, ಇನ್ನೊಬ್ಬರು ಹಾಳೆ ತಿರುವಿ ನೋಡುತ್ತಾರೆ. ಬೆಸಪುಟದಲ್ಲೇ ಲೇಖನ ಶುರುವಾಗುವ ಬ್ರೇಕ್ ಹಾಕಿದ್ದರೆ ಅದರಿಂದ ಬೀಳುವ ಖಾಲಿ ಪುಟ ವರ್ಡ್‌ನ ಪರದೆಯ ಮೇಲೆ ಕಾಣುವುದಿಲ್ಲ, ಮುದ್ರಣದಲ್ಲಿ ಬರುತ್ತದೆ. ಅದಕ್ಕೇ ಈ ಸುತ್ತನ್ನು ಮುದ್ರಣಾಲಯಕ್ಕೆ ಕಳಿಸುವ ಪಿಡಿಎಫ್‌ನ ಪ್ರಿಂಟ್ ಇಟ್ಟುಕೊಂಡೇ ಮಾಡುವುದು.