ಹಿಮದ ನಾಡಿನ ಅಂಗಳಕ್ಕೆ ಹೊಸ ಹೊದಿಕೆ



ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಿಮಗೆ ಮಳೆಯ ಪರಿಚಯ ಚೆನ್ನಾಗಿ ಉಂಟು, ಹಿಮದ ಪರಿಚಯವಿಲ್ಲ. ನಮ್ಮ ಶಾಲೆಯ ಅಂಗಳದ ಸಿಮೆಂಟು ಬಿಸಿಲಿಗೆ ಕಾಯುತ್ತದೆ, ಮಳೆಗೆ ತೋಯುತ್ತದೆ. ಆದರೆ ಅದರೊಳಗೆ ಹೊಕ್ಕ ನೀರು ಎಂದೂ ಹೆಪ್ಪುಗಟ್ಟುವುದಿಲ್ಲ. ಅಮೆರಿಕೆಯ ಉತ್ತರ ಭಾಗದಲ್ಲಿರುವ ಮಿನಿಯಾಪೊಲಿಸ್ ನಗರದಲ್ಲಿ ಹಾಗಲ್ಲ. ಅಲ್ಲಿ ಜನವರಿ ತಿಂಗಳ ಸರಾಸರಿ ಉಷ್ಣಮಾನವು ಸೊನ್ನೆಗಿಂತ ಸುಮಾರು 9 ಡಿಗ್ರಿ ಸೆಂಟಿಗ್ರೇಡ್ ಕೆಳಗಿರುತ್ತದೆ. ಅಲ್ಲಿಯ ಎಷ್ಟೋ ಮನೆಗಳ ಮುಂದೆ, ಬೀದಿಯಿಂದ ಕಾರಿನ ಕೊಟ್ಟಿಗೆಯವರೆಗೆ ಕಾಂಕ್ರೀಟಿನ ಹಾದಿಯೊಂದಿರುತ್ತದೆ. ಅದನ್ನು ಡ್ರೈವ್‌ವೇ ಎನ್ನುತ್ತಾರೆ. ಮನೆಯ ಹಿಂಬದಿಯಲ್ಲಿ, ಬೇಸಗೆಯ ಸಂಜೆ ಕುಳಿತುಕೊಳ್ಳುವುದಕ್ಕೆಂದು ಕಾಂಕ್ರೀಟಿನ ಬಯಲು ಜಗಲಿಯಿರುತ್ತದೆ, ಅದು ಪ್ಯಾಟಿಯೊ. ಹಲವು ಚಳಿಗಾಲಗಳನ್ನು ಕಂಡ ಮೇಲೆ ಇವುಗಳ ಮೈ ಹಕ್ಕಳೆ ಹಕ್ಕಳೆಯಾಗಿ ಏಳತೊಡಗುತ್ತದೆ. ಅದಕ್ಕೆ ಹೊಸ ಹೊದಿಕೆ ಕೊಡುವ ಕೆಲಸವೇ ಈ ಪಾಠದ ವಿಷಯ.

‘ಇಷ್ಟು ದೂರದ ಸಂಗತಿ ನಮಗೇಕೆ?’ ಎಂದು ನೀವು ಕೇಳಬಹುದು. ಕಾರಣವನ್ನು ಹೇಳುತ್ತೇನೆ. ನಾನು ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಮುಗಿಸಿ ಉತ್ತರ ಕನ್ನಡದ ನಮ್ಮ ಊರಿನಲ್ಲಿದ್ದ ಬೇಸಗೆಯದು. ಅಡಿಕೆ ಒಣಗಿಸುವ ನಮ್ಮ ಮನೆಯಂಗಳದ ಸಿಮೆಂಟು ಸವೆದು, ಕಲ್ಲುಹರಳುಗಳು ಮೇಲೆ ಕಾಣುತ್ತಿದ್ದವು. ಅದನ್ನು ಚೆಂದಮಾಡಿ ಮನೆಯವರನ್ನು ಮೆಚ್ಚಿಸಬೇಕೆಂಬ ಹುಮ್ಮಸ್ಸಿನಿಂದ ನಾನು ಎರಡು ಚೀಲ ಸಿಮೆಂಟು ತಂದು, ನೀರಿನಲ್ಲಿ ಕಲಸಿ, ಇದ್ದ ಪಾಚಿ ಧೂಳುಗಳ ಮೇಲೆಯೇ ಬಳಿದುಬಿಟ್ಟೆನು. ಅಂಗಳ ಕನ್ನಡಿಯಂತೆ ಹೊಳೆಯಿತು. ಮಳೆ ಹಿಡಿದು ತಿಂಗಳಾಗುವಷ್ಟರಲ್ಲಿ ಆ ಹೊದಿಕೆ ಹಪ್ಪಳದಂತೆ ಎದ್ದಿತು. ಒಂದು ಮುಂಜಾನೆ ಕೊಡ ಹೊತ್ತು ಬರುತ್ತಿದ್ದ ನನ್ನ ತಾಯಿ ಅಂಥದೊಂದು ಸಡಿಲ ಚೂರಿನ ಮೇಲೆ ಕಾಲಿಟ್ಟು ಜಾರಿ ಬಿದ್ದರು; ಮಣಿಕಟ್ಟಿನ ಎಲುಬು ಮುರಿಯಿತು. ಆರು ವಾರ ಅವರು ಎಡಗೈಯಲ್ಲಿ ಅಡಿಗೆ ಮಾಡಿದರು. ಒಂದು ಮಾತನ್ನೂ ಆಡಲಿಲ್ಲ. ನೆರೆಮನೆಯ ಮುದುಕ ಗಾರೆಯವನು ಮಾತ್ರ ಚೂರೊಂದನ್ನು ಎತ್ತಿ, ತಿರುಗಿಸಿ, ಅದರ ಬೆನ್ನಿಗೆ ಅಂಟಿದ್ದ ಪಾಚಿಯನ್ನು ತೋರಿಸಿ, “ನೀನು ಸಿಮೆಂಟನ್ನು ನೆಲಕ್ಕೆ ಹಚ್ಚಲಿಲ್ಲ, ತಮ್ಮಾ; ಧೂಳಿಗೆ ಹಚ್ಚಿದೆ” ಎಂದನು.

ಆ ಮಾತಿನ ಅರ್ಥವನ್ನು ಹುಡುಕುತ್ತ ಹೋದಾಗ ನನಗೆ ಹಿಮದ ನಾಡಿನವರ ಕ್ರಮ ತಿಳಿಯಿತು. ಮಳೆ ಕ್ಷಮಿಸಬಹುದಾದ ತಪ್ಪನ್ನು ಹಿಮ ಕ್ಷಮಿಸುವುದಿಲ್ಲ. ಆದುದರಿಂದಲೇ ಈ ಕೆಲಸವನ್ನು ಅವರಿಂದ ಕಲಿಯತಕ್ಕದ್ದು.

ಕೆಡುವುದೇಕೆ?

ಕಾಂಕ್ರೀಟು ಕಲ್ಲಿನಂತೆ ಗಟ್ಟಿಯಾಗಿ ಕಂಡರೂ ಅದರೊಳಗೆ ಕಣ್ಣಿಗೆ ಕಾಣದ ಅಸಂಖ್ಯಾತ ರಂಧ್ರಗಳುಂಟು. ಮಳೆಯ ನೀರೂ ಕರಗಿದ ಹಿಮದ ನೀರೂ ಇವುಗಳಲ್ಲಿ ಇಳಿಯುತ್ತವೆ. ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಸುಮಾರು 9 ಪಾಲು ಹಿಗ್ಗುತ್ತದೆ. ರಂಧ್ರವು ತುಂಬಿದ್ದರೆ ಹಿಗ್ಗುವುದಕ್ಕೆ ಎಡೆಯೆಲ್ಲಿ? ಒಳಗಿನ ಒತ್ತಡದಿಂದ ಕಾಂಕ್ರೀಟು ಬಿರಿಯುತ್ತದೆ. ಹಗಲು ಕರಗಿ ಇರುಳು ಹೆಪ್ಪುಗಟ್ಟುವ ವಸಂತ ಮತ್ತು ಶರತ್ಕಾಲದ ದಿನಗಳು ಅತ್ಯಂತ ಕೆಟ್ಟವು. ಸದಾ ಹೆಪ್ಪುಗಟ್ಟಿಯೇ ಇರುವ ನಡುಚಳಿಗಾಲಕ್ಕಿಂತ ಈ ತೂಗಾಟವೇ ಹೆಚ್ಚು ಹಾನಿಕರ.

ಇದರ ಮೇಲೆ ಉಪ್ಪಿನ ಕಾಟ. ಹಾದಿಯ ಮೇಲಿನ ಹಿಮವನ್ನು ಕರಗಿಸಲು ಜನರು ಉಪ್ಪು ಚೆಲ್ಲುತ್ತಾರೆ. ಅದರ ನೀರು ಕಾಂಕ್ರೀಟಿನ ಮೈಯನ್ನು ಇನ್ನಷ್ಟು ನೆನೆಸಿಡುತ್ತದೆ. ಇಲ್ಲೊಂದು ವಿಚಿತ್ರವುಂಟು: ಗಾಢವಾದ ಉಪ್ಪುನೀರಿಗಿಂತ, ನೂರಕ್ಕೆ ಸುಮಾರು 3 ಪಾಲು ಉಪ್ಪಿರುವ ತೆಳುನೀರೇ ಮೇಲ್ಮೈಯನ್ನು ಹೆಚ್ಚು ಸುಲಿಯುತ್ತದೆಂದು ಪ್ರಯೋಗಗಳಿಂದ ತಿಳಿದಿದೆ.

ಕಟ್ಟುವವರ ಅವಸರವೂ ಕಾರಣವಾಗಬಹುದು. ಹೊಸದಾಗಿ ಸುರಿದ ಕಾಂಕ್ರೀಟಿನ ಮೇಲೆ ನೀರು ಒಸರುತ್ತಿರುವಾಗಲೇ ಅದನ್ನು ಉಜ್ಜಿ ನುಣುಪುಮಾಡಿದರೆ, ಆ ನೀರು ಮೇಲ್ಪದರದಲ್ಲಿಯೇ ಸೇರಿಕೊಂಡು ಅದು ದುರ್ಬಲವಾಗುತ್ತದೆ. ಮೊದಲ ಕೆಲವು ಚಳಿಗಾಲಗಳಲ್ಲಿಯೇ ಆ ಪದರ ಕಳಚುತ್ತದೆ.

ಗಾಳಿಯ ಉಪಕಾರ

1930ರ ದಶಕದಲ್ಲಿ ನ್ಯೂಯಾರ್ಕ್ ಸಂಸ್ಥಾನದ ಕೆಲವು ಕಾಂಕ್ರೀಟು ರಸ್ತೆಗಳು ಹಿಮಕ್ಕೂ ಉಪ್ಪಿಗೂ ಜಗ್ಗದೆ ಉಳಿದುದನ್ನು ಇಂಜಿನಿಯರರು ಕಂಡರು. ವಿಚಾರಿಸಲಾಗಿ, ಅವುಗಳಿಗೆ ಬಳಸಿದ ಸಿಮೆಂಟನ್ನು ಅರೆಯುವಾಗ ದನದ ಕೊಬ್ಬನ್ನು ಬೆರೆಸಿದ್ದರೆಂದು ತಿಳಿಯಿತು. ಆ ಕೊಬ್ಬಿನಿಂದ ಕಾಂಕ್ರೀಟಿನೊಳಗೆ ಅತಿ ಸಣ್ಣ ಗಾಳಿಗುಳ್ಳೆಗಳು ಹುಟ್ಟಿದ್ದವು. ಹೆಪ್ಪುಗಟ್ಟುವ ನೀರಿಗೆ ಈ ಗುಳ್ಳೆಗಳೇ ಆಶ್ರಯಸ್ಥಾನ. ಮುಂದೆ ಟಿ. ಸಿ. ಪವರ್ಸ್ ಎಂಬ ವಿಜ್ಞಾನಿಯು 1940ರ ದಶಕದಲ್ಲಿ ಇದರ ಶಾಸ್ತ್ರವನ್ನು ವಿವರಿಸಿದನು: ಗುಳ್ಳೆಗಳು ಹೆಚ್ಚಿದ್ದರೆ ಸಾಲದು, ಒತ್ತೊತ್ತಾಗಿರಬೇಕು. ಕಾಂಕ್ರೀಟಿನ ಯಾವ ಬಿಂದುವಿನಿಂದಲೂ ಒಂದು ಗುಳ್ಳೆಯು ಸುಮಾರು 0.2 ಮಿಲಿಮೀಟರಿಗಿಂತ ದೂರವಿರಬಾರದು. ನಮ್ಮ ದೇಶದ ಐಎಸ್ 456 ಎಂಬ ಮಾನಕವೂ, 2000ದ ಆವೃತ್ತಿಯಲ್ಲಿ, ಹೆಪ್ಪುಗಟ್ಟುವ ಪ್ರದೇಶದ ಕಾಂಕ್ರೀಟಿಗೆ ಇಂಥ ಗಾಳಿಯನ್ನು ಸೂಚಿಸುತ್ತದೆ. ಲಡಾಖ್, ಲಾಹುಲ್‌ಗಳಂಥ ಎಡೆಗಳಿಗೆ ಅದು ಬೇಕಾದ ಮಾತು.

ಮೊದಲು ಪರೀಕ್ಷೆ

ಕೆಟ್ಟ ಮೈಗೆಲ್ಲ ಹೊದಿಕೆ ಮದ್ದಲ್ಲ. ಮಿನಿಯಾಪೊಲಿಸ್ ಇರುವ ಮಿನ್ನೆಸೋಟ ಸಂಸ್ಥಾನದ ದಕ್ಷಿಣಾರ್ಧದಲ್ಲಿ ಮನೆಯ ಅಡಿಪಾಯವನ್ನು 42 ಅಂಗುಲ, ಎಂದರೆ ಮೂರೂವರೆ ಅಡಿ, ಆಳಕ್ಕೆ ಇಳಿಸಬೇಕೆಂಬ ಕಟ್ಟಳೆಯುಂಟು. ಹೆಪ್ಪು ಅಷ್ಟು ಆಳಕ್ಕೆ ಇಳಿಯಬಹುದೆಂಬುದೇ ಅದಕ್ಕೆ ಕಾರಣ. ಡ್ರೈವ್‌ವೇಯ ಹಾಸು ಸಾಮಾನ್ಯವಾಗಿ ನಾಲ್ಕೈದು ಅಂಗುಲ ದಪ್ಪವಿದ್ದು, ಮಣ್ಣಿನ ಮೇಲೆಯೇ ಮಲಗಿರುತ್ತದೆ. ಅಡಿಯ ಮಣ್ಣು ಹೆಪ್ಪುಗಟ್ಟಿದಾಗ ಹಾಸು ಮೇಲೇಳುತ್ತದೆ. ಇದು ನೀರಿನ ಹಿಗ್ಗುವಿಕೆಯಿಂದ ಮಾತ್ರ ಆಗುವುದೆಂದು ಮೊದಲು ನಂಬಿದ್ದರು. 1930ರ ಸುಮಾರಿಗೆ ಸ್ಟೀಫನ್ ಟೇಬರ್ ಎಂಬ ಭೂವಿಜ್ಞಾನಿಯು, ಹೆಪ್ಪುಗಟ್ಟುವಾಗ ಹಿಗ್ಗದೆ ಕುಗ್ಗುವ ಬೆಂಜೀನ್ ದ್ರವವನ್ನು ಮಣ್ಣಿಗೆ ಹಾಕಿ ನೋಡಿದನು. ಮಣ್ಣು ಆಗಲೂ ಮೇಲೆದ್ದಿತು! ಹೆಪ್ಪುಗಟ್ಟುವ ಪದರವು ಕೆಳಗಿನಿಂದ ದ್ರವವನ್ನು ಹೀರಿ ಬೆಳೆಯುತ್ತ ಹೋಗುವುದೆಂದು ಇದರಿಂದ ಸಿದ್ಧವಾಯಿತು.

ಆದುದರಿಂದ ಹಾಸು ಕುಸಿದಿದ್ದರೆ, ಅಲುಗಾಡುತ್ತಿದ್ದರೆ, ಬಿರುಕಿನ ಎರಡು ದಡಗಳು ಏರುತಗ್ಗಾಗಿದ್ದರೆ, ರೋಗವು ಬುಡದಲ್ಲಿದೆಯೆಂದು ತಿಳಿಯಬೇಕು. ಅಂಥ ಹಾಸನ್ನು ಒಡೆದು ಹೊಸದಾಗಿ ಕಟ್ಟುವುದೇ ದಾರಿ. ಹಾಸು ನೆಟ್ಟಗಿದ್ದು ಮೇಲ್ಮೈ ಮಾತ್ರ ಕೆಟ್ಟಿದ್ದರೆ ಹೊದಿಕೆ ಸಲ್ಲುತ್ತದೆ. ಆಗ ಸುತ್ತಿಗೆಯಿಂದ ಅಲ್ಲಲ್ಲಿ ಬಡಿದು ಕೇಳುತ್ತಾರೆ. ಕಣಕಣ ಎಂಬ ನಾದ ಬಂದರೆ ಗಟ್ಟಿ. ಬೊದಬೊದ ಎಂದರೆ ಒಳಗೆ ಪೊಳ್ಳು. ಪೊಳ್ಳಾದುದನ್ನೆಲ್ಲ ಕೆತ್ತಿ ತೆಗೆಯಬೇಕು.

ಹೊದಿಸುವ ಕ್ರಮ

ಮೊದಲನೆಯದು ಶುದ್ಧಿ. ಚದರ ಅಂಗುಲಕ್ಕೆ ಸುಮಾರು 3000 ಪೌಂಡು ಒತ್ತಡದ ನೀರುಧಾರೆಯಿಂದ ಧೂಳು, ಪಾಚಿ, ಸಡಿಲ ಮರಳು ಎಲ್ಲವನ್ನೂ ಕಿತ್ತು ತೊಳೆಯುತ್ತಾರೆ. ಕಾರಿನ ಎಣ್ಣೆಯ ಕಲೆಯನ್ನೂ ಹಳೆಯ ಬಣ್ಣವನ್ನೂ ಪೂರ್ಣವಾಗಿ ತೆಗೆಯಬೇಕು. ಬಳಿಕ ನೀರು ಚಿಮುಕಿಸಿ ನೋಡಬೇಕು. ಕೆಸುವಿನೆಲೆಯ ಮೇಲಿನಂತೆ ಹನಿ ನಿಂತರೆ ಜಿಡ್ಡು ಇನ್ನೂ ಇದೆ. ನೀರು ಇಂಗಿದರೆ ಮೈ ಸಿದ್ಧವಾಗಿದೆ.

ಎರಡನೆಯದು ಬಿರುಕು, ಕುಳಿಗಳನ್ನು ತುಂಬುವುದು. ಆದರೆ ಹಾಸುಗಳ ನಡುವೆ ಬೇಕೆಂದೇ ಬಿಟ್ಟ ಸಂದುಗಳನ್ನು ಮುಚ್ಚಬಾರದು. ಹಾಸು ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವುದು ಅಲ್ಲಿಯೇ. ಸಂದನ್ನು ಮುಚ್ಚಿದರೆ ಹೊಸ ಹೊದಿಕೆ ಅದೇ ಗೆರೆಯಲ್ಲಿ ಸೀಳುತ್ತದೆ.

ಮೂರನೆಯದು ತೇವ. ಹಳೆಯ ಮೈ ನೀರುಂಡು ತಂಪಾಗಿರಬೇಕು, ಆದರೆ ಮೇಲೆ ನೀರು ನಿಂತಿರಬಾರದು. ಒಣಗಿದ್ದರೆ ಅದು ಹೊಸ ಗಾರೆಯ ನೀರನ್ನು ಹೀರಿಬಿಡುತ್ತದೆ. ನೀರು ನಿಂತಿದ್ದರೆ ಗಾರೆ ತೆಳುವಾಗಿ ಸತ್ವಗೆಡುತ್ತದೆ.

ನಾಲ್ಕನೆಯದು ಬಳಿಯುವುದು. ಸಿಮೆಂಟು, ನುಣುಪು ಮರಳು, ಅಂಟಿನ ಗುಣವುಳ್ಳ ಪಾಲಿಮರ್ ಪುಡಿ ಇವುಗಳ ಸಿದ್ಧ ಮಿಶ್ರಣಕ್ಕೆ ಅಳೆದ ನೀರನ್ನೇ ಹಾಕಿ ಕಲಸುತ್ತಾರೆ. ಸುಲಭವಾಗಿ ಹರಿಯಲೆಂದು ಹೆಚ್ಚು ನೀರು ಹಾಕಿದವನು ತನ್ನ ಕೆಲಸವನ್ನು ತಾನೇ ಕೆಡಿಸಿಕೊಂಡಂತೆ. ಮೊದಲು ಸ್ವಲ್ಪವನ್ನು ಕುಂಚದಿಂದ ರಂಧ್ರಗಳೊಳಗೆ ಹೋಗುವಂತೆ ತಿಕ್ಕಿ, ಕೂಡಲೇ ಉದ್ದ ಹಿಡಿಯ ರಬ್ಬರು ಹಲಗೆಯಿಂದ ಕೆಲವೇ ಮಿಲಿಮೀಟರು ದಪ್ಪಕ್ಕೆ ಎಳೆಯುತ್ತಾರೆ. ಅದು ಬಿಗಿಯುವ ಮುನ್ನ ಪೊರಕೆಯನ್ನು ಒಂದೇ ದಿಕ್ಕಿಗೆ ಎಳೆದು ಗೆರೆ ಮೂಡಿಸುತ್ತಾರೆ. ಈ ಗೆರೆ ಅಂದಕ್ಕಲ್ಲ. ಹಿಮದ ದಿನ ಕಾಲು ಜಾರದಿರಲೆಂದು.

ಐದನೆಯದು ಕಾಲ. ಉಷ್ಣಮಾನ 10 ಡಿಗ್ರಿಗಿಂತ ಕೆಳಗಿದ್ದರೆ ಈ ಕೆಲಸ ಮಾಡಬಾರದು. ಮುಂದಿನ ಕೆಲವು ಇರುಳುಗಳಲ್ಲಿಯೂ ಹೆಪ್ಪಿನ ಭಯವಿರಬಾರದು. ಆದುದರಿಂದ ಅಲ್ಲಿಯವರು ವಸಂತದ ಕೊನೆಯಿಂದ ಶರತ್ಕಾಲದ ಮೊದಲವರೆಗೆ ಮಾತ್ರ ಇದನ್ನು ಕೈಗೊಳ್ಳುತ್ತಾರೆ. ಬೆಚ್ಚಗಿನ ದಿನಗಳಲ್ಲಿ ಕೆಲವು ಗಂಟೆಗಳ ಮೇಲೆ ಅದರ ಮೇಲೆ ನಡೆಯಬಹುದು. ಕಾರನ್ನು ತರಲು ಕನಿಷ್ಠ ಒಂದು ಹಗಲಿರುಳು ಕಳೆಯಬೇಕು, ತಂಪಿದ್ದರೆ ಇನ್ನೂ ಹೆಚ್ಚು.

ಕೊನೆಯದಾಗಿ, ಮಾಡಿನ ನೀರು ಹಾದಿಯ ಮೇಲೆ ಬೀಳದಂತೆ ತಿರುಗಿಸಬೇಕು. ನಿಂತ ನೀರೇ ಮುಂದಿನ ಹೆಪ್ಪು. ಮೊದಲ ಚಳಿಗಾಲದಲ್ಲಿ ಉಪ್ಪನ್ನು ಮುಟ್ಟದೆ, ಜಾರದಂತೆ ಮರಳನ್ನು ಮಾತ್ರ ಚೆಲ್ಲಬೇಕು.

ಈ ಕ್ರಮವನ್ನು ಮತ್ತೊಮ್ಮೆ ಓದಿ ನೋಡಿರಿ. ಬಳಿಯುವ ಕೆಲಸ ಒಂದು ಗಂಟೆಯದು. ಅದಕ್ಕೆ ಮುಂಚಿನ ಸಿದ್ಧತೆ ದಿನಗಟ್ಟಲೆಯದು. ನಾನು ಆ ಒಂದು ಗಂಟೆಯನ್ನು ಮಾತ್ರ ಮಾಡಿದ್ದೆನು.

ಮಾಡಿ ನೋಡಿ

1. ಪ್ಲಾಸ್ಟಿಕ್ ಬಾಟಲಿಯೊಂದಕ್ಕೆ ಮುಕ್ಕಾಲು ಪಾಲು ನೀರು ತುಂಬಿ, ನೀರಿನ ಮಟ್ಟಕ್ಕೆ ಗೆರೆ ಎಳೆದು, ಮುಚ್ಚಳ ಹಾಕದೆ ಫ್ರಿಜ್ಜಿನ ಹಿಮದ ಅರೆಯಲ್ಲಿ ಒಂದಿರುಳು ಇಡಿರಿ. ಗಡ್ಡೆಯು ಗೆರೆಗಿಂತ ಎಷ್ಟು ಮೇಲೇರಿದೆಯೆಂದು ಅಳೆಯಿರಿ.

2. ಎರಡು ಹಂಚಿನ ಚೂರುಗಳಲ್ಲಿ ಒಂದನ್ನು ತಿಕ್ಕಿ ತೊಳೆಯಿರಿ. ಇನ್ನೊಂದರ ಮೇಲೆ ಧೂಳು ಹರಡಿರಿ. ಎರಡಕ್ಕೂ ಮೈದಾ ಅಂಟನ್ನು ಬಳಿದು, ಒಣಗಿದ ಮೇಲೆ ಉಗುರಿನಿಂದ ಕೆರೆಯಿರಿ. ಯಾವುದು ಬೇಗ ಏಳುತ್ತದೆ? ಎದ್ದ ಚೂರಿನ ಬೆನ್ನನ್ನು ತಿರುಗಿಸಿ ನೋಡಲು ಮರೆಯದಿರಿ.

ನಮ್ಮ ಊರಿನ ಅಂಗಳವನ್ನು ಮರುವರ್ಷ ಆ ಮುದುಕನ ಜೊತೆಗೂಡಿ ನಾಲ್ಕು ದಿನ ಕೆತ್ತಿ, ತೊಳೆದು, ಅರ್ಧ ದಿನದಲ್ಲಿ ಬಳಿದೆವು. ಇಂದಿಗೂ ನನ್ನ ತಾಯಿ ಅಲ್ಲಿಯೇ ಅಡಿಕೆ ಹರಡುತ್ತಾರೆ.