ಮನೆಗೆ ಎಸ್ಪ್ರೆಸೊ ಯಂತ್ರ: ಬೆಲೆ ಮತ್ತು ವೆಚ್ಚ

ಮನೆಬಳಕೆಗೆ ಎಸ್ಪ್ರೆಸೊ ಯಂತ್ರ ಕೊಳ್ಳುವವರು ಸಾಮಾನ್ಯವಾಗಿ ಅದರ ಬೆಲೆಯನ್ನಷ್ಟೇ ಗಮನಿಸುತ್ತಾರೆ. ಆದರೆ ಕೊಳ್ಳುವ ಬೆಲೆ ಬೇರೆ, ಬಳಕೆಯ ವೆಚ್ಚ ಬೇರೆ.

ಮೊದಲನೆಯದು ಒತ್ತಡ. ಎಸ್ಪ್ರೆಸೊ ಇಳಿಯಲು ಪುಡಿಯ ಮೇಲೆ ಸುಮಾರು 9 ಬಾರ್ ಒತ್ತಡ ಸಾಕು. ಪೆಟ್ಟಿಗೆಯ ಮೇಲೆ ಮುದ್ರಿತವಾಗುವ 15 ಬಾರ್ ಎಂಬುದು ಪಂಪಿನ ಗರಿಷ್ಠ ಸಾಮರ್ಥ್ಯ. ಅದಕ್ಕಾಗಿ ಹೆಚ್ಚು ಹಣ ತೆರಬೇಕಾಗಿಲ್ಲ.

ಎರಡನೆಯದು ಗ್ರೈಂಡರ್. ಪುಡಿ ನುಣುಪಾಗಿ ಒಂದೇ ಸಮನಾಗಿರದಿದ್ದರೆ ದುಬಾರಿ ಯಂತ್ರವೂ ವ್ಯರ್ಥ. ಆದ್ದರಿಂದ ಇದಕ್ಕೂ ಹಣ ಮೀಸಲಿಡಬೇಕು.

ಮೂರನೆಯದು ನಿರ್ವಹಣೆ. ಕೊಳವೆಬಾವಿಯ ಗಡಸು ನೀರಿನಿಂದ ಬಾಯ್ಲರಿನಲ್ಲಿ ಸುಣ್ಣ ಕಟ್ಟುತ್ತದೆ. ಬಿಡಿಭಾಗ ಹಾಗೂ ದುರಸ್ತಿ ಊರಿನಲ್ಲಿಯೇ ದೊರೆಯುವುದೇ ಎಂದು ಮೊದಲೇ ವಿಚಾರಿಸಬೇಕು.

ಉದಾಹರಣೆಗೆ, ಯಂತ್ರಕ್ಕೆ ರೂ. 40,000, ಗ್ರೈಂಡರಿಗೆ ರೂ. 16,000, ಬಾಳಿಕೆ 7 ವರ್ಷ ಎಂದಿಟ್ಟುಕೊಂಡರೆ ವಾರ್ಷಿಕ ಸವಕಳಿ ರೂ. 8,000. ನಿರ್ವಹಣೆಯ ರೂ. 3,000 ಸೇರಿ ರೂ. 11,000. ದಿನಕ್ಕೆ ಎರಡು ಲೋಟವಾದರೆ ಲೋಟವೊಂದಕ್ಕೆ ಸುಮಾರು ರೂ. 15, ಒಂದೇ ಆದರೆ ರೂ. 30. ಕಿಲೋಗೆ ರೂ. 1,000ದ ಬೀಜವನ್ನು 18 ಗ್ರಾಂ ಬಳಸಿದರೆ ಮತ್ತೆ ರೂ. 18 ಕೂಡುತ್ತದೆ. ಬಳಕೆ ಕಡಿಮೆಯಿದ್ದಷ್ಟೂ ಲೋಟ ದುಬಾರಿ.

ವರ್ತಕರಿಗೆ ಇನ್ನೊಂದು ಎಚ್ಚರಿಕೆ. ಬಿಲ್ಲು ಅಂಗಡಿಯ ಹೆಸರಿನಲ್ಲಿದ್ದರೂ ಯಂತ್ರ ಮನೆಯಲ್ಲಿದ್ದರೆ ಅದು ಸ್ವಂತ ಬಳಕೆಯೇ. 2017ರ ಕೇಂದ್ರ ಜಿ.ಎಸ್.ಟಿ. ಕಾಯ್ದೆಯ ಕಲಂ 17(5)ರಂತೆ ಹೂಡುವಳಿ ತೆರಿಗೆ ಜಮೆ ದೊರೆಯದು. ತಪ್ಪಾಗಿ ಪಡೆದು ಬಳಸಿಕೊಂಡಲ್ಲಿ ಬಡ್ಡಿ ಸಹಿತ ಮರಳಿಸಬೇಕಾಗುತ್ತದೆ. ಅಂಗಡಿಯ ಹಣದಿಂದ ಕೊಂಡಿದ್ದರೆ ಮಾಲೀಕರ ಡ್ರಾಯಿಂಗ್ಸ್ ಖಾತೆಗೆ ಖರ್ಚು ಹಾಕುವುದೇ ಸರಿಯಾದ ಕ್ರಮ.