‘ಇನ್‌ಕ್ರೀಸ್’ ಪದದ ಮೂಲ ಮತ್ತು ಅರ್ಥವಿಸ್ತಾರ

ಪದದ ಅರ್ಥವನ್ನು ನಿಘಂಟು ತಿಳಿಸಬಲ್ಲದು. ಅದರ ಸ್ವಭಾವವನ್ನು ಅರಿಯಬೇಕಾದರೆ ಅದು ನಡೆದು ಬಂದ ದಾರಿಯನ್ನೇ ಅರಸಬೇಕು. ಇಂಗ್ಲಿಷಿನ ‘ಇನ್‌ಕ್ರೀಸ್’ ಪದವನ್ನು ಶಾಲಾಬಾಲಕನೂ ಬಲ್ಲನು. ಆದರೆ ‘ಹೆಚ್ಚಳ’ ಎಂಬ ಒಂದೇ ಅರ್ಥವನ್ನು ಕಂಠಪಾಠ ಮಾಡಿದವನು ಅದನ್ನು ಬಳಸುವಾಗ ಎಡವುವುದುಂಟು.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಅಸಂಖ್ಯ ಫ್ರೆಂಚ್ ಪದಗಳು ಇಂಗ್ಲಿಷಿಗೆ ಬಂದು ಸೇರಿದವು. ಹದಿನಾಲ್ಕನೆಯ ಶತಮಾನದಲ್ಲಿ ಬಳಕೆಗೆ ಬಂದ ‘ಇನ್‌ಕ್ರೀಸ್’ ಅವುಗಳಲ್ಲೊಂದು. ಅದಕ್ಕೆ ಮೊದಲೇ ಇಂಗ್ಲಿಷಿನಲ್ಲಿ ‘ಗ್ರೋ’, ‘ವ್ಯಾಕ್ಸ್’ ಎಂಬ ಸ್ವಂತ ಕ್ರಿಯಾಪದಗಳಿದ್ದವು. ಇವುಗಳಲ್ಲಿ ‘ವ್ಯಾಕ್ಸ್’ ಇಂದು ಬಹುಮಟ್ಟಿಗೆ ಚಂದ್ರನ ವೃದ್ಧಿಯನ್ನು ಹೇಳಲು ಮಾತ್ರ ಉಳಿದಿದೆ.

ಪದದ ಮೂಲ ಲ್ಯಾಟಿನ್ ಭಾಷೆಯ ‘ಕ್ರೆಸ್ಕೆರೆ’. ಬೆಳೆಯುವುದು ಎಂದು ಅದರ ಅರ್ಥ. ‘ಇನ್’ ಎಂಬುದು ಉಪಸರ್ಗ. ಬಟ್ಟೆಯ ಮಡಿಕೆಯನ್ನೂ ಕ್ರಿಕೆಟ್ ಅಂಗಳದ ಗೆರೆಯನ್ನೂ ಸೂಚಿಸುವ ‘ಕ್ರೀಸ್’ ಪದಕ್ಕೂ ಇದಕ್ಕೂ ಸಂಬಂಧವಿಲ್ಲ. ಧ್ವನಿಸಾಮ್ಯವೇ ವ್ಯುತ್ಪತ್ತಿಯಲ್ಲ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

‘ಕ್ರೆಸ್ಕೆರೆ’ಯ ಸಂತಾನ ದೊಡ್ಡದು. ‘ಕ್ರೆಸೆಂಟ್’ ಮೊದಲಿಗೆ ವೃದ್ಧಿಸುತ್ತಿರುವ ಚಂದ್ರನಾಗಿದ್ದು, ಅನಂತರ ಆ ಆಕಾರದ ಹೆಸರಾಯಿತು. ಪಾಶ್ಚಾತ್ಯ ಸಂಗೀತದಲ್ಲಿ ನಾದವು ಕ್ರಮವಾಗಿ ಏರುವುದು ‘ಕ್ರೆಶೆಂಡೊ’. ಒಡನೆ ಬೆಳೆದು ಗಟ್ಟಿಯಾದುದು ‘ಕಾಂಕ್ರೀಟ್’. ‘ರಿಕ್ರೂಟ್’ ಎಂಬುದರ ಮೂಲದಲ್ಲಿ ಮರುಬೆಳವಣಿಗೆಯ ಭಾವವಿದೆ. ಹೊಸ ಸೈನಿಕನು ಸೇನೆಗೆ ಒಡೆದ ಹೊಸ ಚಿಗುರೆಂದು ಭಾವಿಸಬಹುದು. ಹಡಗಿನ ಸಿಬ್ಬಂದಿಯಾದ ‘ಕ್ರೂ’ ಕೂಡ ಮೊದಲು ನೆರವಿಗೆ ಬಂದ ಹೆಚ್ಚುವರಿ ಪಡೆಯಾಗಿತ್ತು. ನೌಕರರು ವರ್ಷವರ್ಷವೂ ನಿರೀಕ್ಷಿಸುವ ‘ಇನ್‌ಕ್ರಿಮೆಂಟ್’ ಇದೇ ಮನೆತನದ್ದು. ರೋಮನರ ಧಾನ್ಯದೇವತೆ ಸೆರೆಸ್ ಮತ್ತು ಆಕೆಯ ಹೆಸರಿನಿಂದ ಬಂದ ‘ಸೀರಿಯಲ್’ ಪದಕ್ಕೂ ಇದೇ ಧಾತುವೇ ಮೂಲವೆಂಬುದು ಭಾಷಾವಿಜ್ಞಾನಿಗಳ ಅಭಿಪ್ರಾಯ.

ಹೀಗೆ ಪದದ ಮೊದಲ ಅರ್ಥ ಸಜೀವವಾದುದರ ಬೆಳವಣಿಗೆ. 1611ರಲ್ಲಿ ಪ್ರಕಟವಾದ ಇಂಗ್ಲಿಷ್ ಬೈಬಲಿನಲ್ಲಿ ಹೊಲದ ಫಸಲು, ಪಶುಗಳ ಸಂತತಿ, ಸಾಲದ ಬಡ್ಡಿ ಈ ಮೂರನ್ನೂ ಇದೇ ಪದ ಸೂಚಿಸುತ್ತದೆ. ಕನ್ನಡ ಬಲ್ಲವರಿಗೆ ಇದು ಅಪರಿಚಿತವಲ್ಲ. ‘ಬೆಳೆ’ ಎಂಬುದು ಕನ್ನಡದಲ್ಲಿ ಕ್ರಿಯೆಯೂ ಹೌದು, ಹೊಲದ ಫಲವೂ ಹೌದು. ಸಂಸ್ಕೃತದ ‘ವೃದ್ಧಿ’ಯ ತದ್ಭವವೇ ‘ಬಡ್ಡಿ’. ಬೆಳೆದು ಮಾಗಿದವನನ್ನು ‘ವೃದ್ಧ’ನೆನ್ನುವುದೂ ಅದೇ ಧಾತುವಿನಿಂದ. ಭಾಷೆಗಳು ಬೇರೆಯಾದರೂ ಪೈರಿನಿಂದ ಹಣದ ಕಡೆಗೆ ಸಾಗಿದ ಮಾನವನ ಆಲೋಚನೆಯ ಜಾಡು ಒಂದೇ ಎಂಬುದು ಗಮನಾರ್ಹ.

ಕಾಲಕ್ರಮದಲ್ಲಿ ಇಂಗ್ಲಿಷ್ ಪದದ ಒಲವು ಪ್ರಮಾಣದ ಕಡೆಗೆ ವಾಲಿತು. ಇಂದು ಬೆಲೆ, ಸಂಖ್ಯೆ, ವೇಗ, ತೂಕ ಇವು ‘ಇನ್‌ಕ್ರೀಸ್’ ಆಗುತ್ತವೆ; ಮಗುವಾದರೋ ‘ಗ್ರೋ’ ಆಗುತ್ತದೆ. ಮಗುವಿನ ಬೆಳವಣಿಗೆಗೆ ‘ಇನ್‌ಕ್ರೀಸ್’ ಎಂದು ಬರೆದರೆ ಮೂಲಾರ್ಥಕ್ಕೆ ಭಂಗವಿಲ್ಲದಿದ್ದರೂ ಇಂದಿನ ರೂಢಿಗೆ ಅದು ಸಲ್ಲದು. ಕನ್ನಡದಲ್ಲಿ ತಾನಾಗಿ ಆಗುವುದಕ್ಕೆ ‘ಹೆಚ್ಚು’, ಪರರು ಮಾಡುವುದಕ್ಕೆ ‘ಹೆಚ್ಚಿಸು’ ಎಂಬ ಎರಡು ರೂಪಗಳಿವೆ. ಇಂಗ್ಲಿಷಿನಲ್ಲಿ ಅಕರ್ಮಕ, ಸಕರ್ಮಕಗಳೆರಡಕ್ಕೂ ಒಂದೇ ರೂಪ. ನಾಮಪದವೂ ಅದೇ, ಆದರೆ ನಾಮಪದವಾದಾಗ ಉಚ್ಚಾರಣೆಯ ಒತ್ತು ಮೊದಲ ಅಕ್ಷರದ ಮೇಲೆ, ಕ್ರಿಯಾಪದವಾದಾಗ ಎರಡನೆಯದರ ಮೇಲೆ ಬೀಳುತ್ತದೆ.

ಪದದೊಡನೆ ಬರುವ ‘ಬೈ’ ಮತ್ತು ‘ಟು’ಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಗ್ರಂಥಾಲಯವೊಂದರ ಪುಸ್ತಕಗಳು 400ರಿಂದ 500 ಆದುವೆಂದು ಭಾವಿಸೋಣ. ಆಗ ಅವು ‘ಬೈ’ 100, ‘ಟು’ 500 ಹೆಚ್ಚಿದವು. ಮೊದಲನೆಯದು ಕನ್ನಡದ ‘ನೂರರಷ್ಟು’, ಎರಡನೆಯದು ‘ಐನೂರಕ್ಕೆ’. ಒಂದರ ಸ್ಥಾನದಲ್ಲಿ ಮತ್ತೊಂದನ್ನಿಟ್ಟರೆ ಲೆಕ್ಕವೇ ತಪ್ಪುತ್ತದೆ. ಹಾಗೆಯೇ ಪರೀಕ್ಷೆಯ ಫಲಿತಾಂಶ ಶೇಕಡಾ 40ರಿಂದ 50ಕ್ಕೆ ಏರಿದರೆ, ಹೆಚ್ಚಿದುದು ಶೇಕಡಾ 10 ಅಲ್ಲ. ಅಂಶಗಳ ಲೆಕ್ಕದಲ್ಲಿ ಹೆಚ್ಚಳ 10. ಮೊದಲಿದ್ದ 40ಕ್ಕೆ ಹೋಲಿಸಿದರೆ ಶೇಕಡಾ 25. ವೃತ್ತಪತ್ರಿಕೆಯ ಅಂಕಿ ಅಂಶಗಳನ್ನು ಓದುವ ಪ್ರಜೆಗೆ ಈ ವಿವೇಕ ಅತ್ಯಗತ್ಯ.

ಮೂಲವನ್ನರಿತು ಕಲಿತ ಒಂದು ಪದ ಹತ್ತು ಪದಗಳಿಗೆ ದಾರಿ ತೋರುತ್ತದೆ. ಉರುಹೊಡೆದ ಹತ್ತು ಪದಗಳು ಒಂದಕ್ಕೊಂದು ಅಪರಿಚಿತವಾಗಿಯೇ ಉಳಿಯುತ್ತವೆ. ಹೊರಗಿನಿಂದ ರಾಶಿ ಹಾಕಿದ್ದು ಸಂಗ್ರಹ, ಒಳಗಿನಿಂದ ಚಿಗುರಿದ್ದು ಬೆಳವಣಿಗೆ. ವಿದ್ಯಾರ್ಥಿಯ ಭಾಷಾಜ್ಞಾನವೂ ಈ ಎರಡನೆಯ ಬಗೆಯಲ್ಲಿ ವೃದ್ಧಿಯಾಗಬೇಕು.